ಕರುವಿನ ಹಗ್ಗ ಯಾರ ಕೈಯಲ್ಲಿದೆ? ಮಕ್ಕಳೂ ಪ್ರಾಣಿಯೂ ಇರುವ ಚಿತ್ರವನ್ನು ಓದುವ ಬಗೆ

ಕಲಬುರಗಿಯಲ್ಲಿ ಚಿತ್ರಪ್ರದರ್ಶನ ನಡೆದರೆ ಇಂಥದೊಂದು ಚಿತ್ರ ಇಲ್ಲದೆ ಇರುವುದು ಕಡಿಮೆ: ಒಂದಿಬ್ಬರು ಹಳ್ಳಿಯ ಮಕ್ಕಳು, ಜೊತೆಗೊಂದು ಕರು, ಇಲ್ಲವೆ ಆಡಿನ ಮರಿ, ಇಲ್ಲವೆ ನಾಯಿ. ಜನ ಮುಂದೆ ಬಂದು ನಿಲ್ಲುತ್ತಾರೆ, "ಭಾಳ ಛಂದ ಅದ ನೋಡ್ರಿ" ಅನ್ನುತ್ತಾರೆ, ಮೊಬೈಲಿನಲ್ಲಿ ಒಂದು ಫೋಟೊ ಹೊಡೆದುಕೊಂಡು ಮುಂದಿನ ಚಿತ್ರಕ್ಕೆ ಹೋಗುತ್ತಾರೆ. ಕಲಾ ಕಾಲೇಜಿನ ಹುಡುಗರಿಗೆ ಇದರ ಬಗ್ಗೆ ಒಂದು ಪುಟ ಬರೆಯಿರಿ ಅಂದರೆ "ಗ್ರಾಮೀಣ ಬದುಕಿನ ಮುಗ್ಧತೆಯನ್ನು ಕಲಾವಿದರು ಮನೋಜ್ಞವಾಗಿ ಸೆರೆಹಿಡಿದಿದ್ದಾರೆ" ಎಂಬ ಸಾಲಿನಿಂದ ಶುರು ಮಾಡಿ ಅದರಲ್ಲೇ ಮುಗಿಸುತ್ತಾರೆ. ಈ ಸಾಲನ್ನು ಯಾವ ಚಿತ್ರಕ್ಕೆ ಅಂಟಿಸಿದರೂ ಅಂಟುತ್ತದೆ. ಅದಕ್ಕೇ ಅದರಿಂದ ಪ್ರಯೋಜನವಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ, ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ಮಗು ಮತ್ತು ಪ್ರಾಣಿಯ ಚಿತ್ರ ಬಹುಪಾಲು ಮುಗ್ಧತೆಯ ಚಿತ್ರವಲ್ಲ, ಅಧಿಕಾರದ ಚಿತ್ರ. ಮನೆಯಲ್ಲಿ, ಶಾಲೆಯಲ್ಲಿ, ಹೊಲದಲ್ಲಿ ಎಲ್ಲರಿಗಿಂತ ಸಣ್ಣದು ಮಗು. ಅದರ ಮಾತು ಕೇಳಬೇಕಾದ ಜೀವ ಒಂದೇ, ಪ್ರಾಣಿ. ದೊಡ್ಡವರು ತನ್ನ ಮೇಲೆ ನಡೆಸುವುದನ್ನೆಲ್ಲ ಮಗು ಪ್ರಾಣಿಯ ಮೇಲೆ ನಡೆಸಿ ನೋಡುತ್ತದೆ: ಮುದ್ದಿಸುತ್ತದೆ, ಗದರುತ್ತದೆ, ಉಣಿಸುತ್ತದೆ, ಕಟ್ಟಿಹಾಕುತ್ತದೆ. ನಾನೂರು ವರ್ಷಗಳಿಂದ ಚಿತ್ರಕಾರರು ಮತ್ತೆ ಮತ್ತೆ ಈ ವಿಷಯಕ್ಕೆ ಮರಳುತ್ತಿರುವುದಕ್ಕೆ ಕಾರಣ ಇದೇ ಎಂದು ನನ್ನ ಅಂದಾಜು. ಹಾಗಾಗಿ ನೋಡುವ ಕೆಲಸ ಹಗ್ಗದಿಂದ ಶುರುವಾಗಬೇಕು.

ಹಂತ ಹಂತವಾಗಿ ಹೋಗಲು ಒಂದು ಚಿತ್ರವನ್ನು ಕಲ್ಪಿಸಿಕೊಳ್ಳೋಣ. ಇದು ಯಾರು ಬರೆದದ್ದೂ ಅಲ್ಲ, ಅಭ್ಯಾಸಕ್ಕೆಂದು ಇಲ್ಲಿ ಕಟ್ಟಿದ್ದು.

ಶಹಾಬಾದ್ ಫರಸಿಕಲ್ಲು ಹಾಸಿದ ಅಂಗಳ. ಆರೇಳು ವರ್ಷದ ಹುಡುಗ ಕರುವಿನ ಹಗ್ಗ ಹಿಡಿದು ಹಿಂದಕ್ಕೆ ಬಾಗಿ ಎಳೆಯುತ್ತಿದ್ದಾನೆ. ಕರು ಕಪ್ಪು ಬಿಳಿ ಮಚ್ಚೆಯದು, ಕಿವಿ ಜೋತುಬಿದ್ದಿವೆ, ಬಾಯಿಗೆ ಕುಕ್ಕೆ, ಅಂದರೆ ಬಾಯಿ ಮುಚ್ಚುವ ಬಲೆ, ಕಟ್ಟಿದೆ. ಅದು ಮುಂಗಾಲು ಊರಿ, ಎಡಕ್ಕೆ ಚೌಕಟ್ಟಿನಾಚೆ ಏನನ್ನೋ ನೋಡುತ್ತಿದೆ. ಹತ್ತು ವರ್ಷದ ಹುಡುಗಿ ಗೋಡೆಗೆ ಒರಗಿದ್ದಾಳೆ. ಅವಳ ಒಂದು ಕೈ ಬೆನ್ನ ಹಿಂದಿದೆ, ಅಲ್ಲಿಂದ ಹಸಿ ಮೇವಿನ ತುದಿ ಇಣುಕುತ್ತದೆ. ಹುಡುಗನ ಕಾಲ ಬಳಿ ಉರುಳಿದ ಸ್ಟೀಲ್ ಲೋಟ. ಬಲಕ್ಕೆ, ಬಾಗಿಲ ಕತ್ತಲೆಯಲ್ಲಿ, ಹಸಿರು ಸೀರೆಯ ಅಂಚು.

ಮೊದಲು: ಇದು ಯಾವ ಬಗೆಯ ಚಿತ್ರ?

ಮಗು ಮತ್ತು ಪ್ರಾಣಿ ಇದ್ದ ಮಾತ್ರಕ್ಕೆ ಅದು ಜನಜೀವನದ ಚಿತ್ರ, ಅಂದರೆ ಹೆಸರಿಲ್ಲದ ಜನರ ನಿತ್ಯದ ಬದುಕಿನ ಚಿತ್ರ, ಆಗುವುದಿಲ್ಲ. ಗಾಣಗಾಪುರಕ್ಕೆ ಹೋಗಿ ಬಂದವರ ಮನೆಯಲ್ಲಿ ದತ್ತಾತ್ರೇಯನ ಪಟ ಇರುತ್ತದೆ. ಅದರಲ್ಲಿ ನಾಲ್ಕು ನಾಯಿ, ಹಿಂದೆ ಒಂದು ಆಕಳು. ನಾಲ್ಕು ನಾಯಿ ಅಂದರೆ ನಾಲ್ಕು ವೇದ, ಆಕಳು ಅಂದರೆ ಭೂಮಿ ಎಂದು ಅಜ್ಜಿಯರೂ ಹೇಳುತ್ತಾರೆ. ಅಲ್ಲಿ ನಾಯಿಯ ಪಕ್ಕೆಲುಬು ಕಾಣುತ್ತದೆಯೇ, ಅದು ಬೀದಿನಾಯಿಯೇ ಎಂದು ಕೇಳುವವನು ದಾರಿ ತಪ್ಪಿದ ಹಾಗೆ. ಕರುವಿಗೆ ಒರಗಿದ ಬಾಲಕೃಷ್ಣನ ಕ್ಯಾಲೆಂಡರಿನ ಮಾತೂ ಇದೇ. ಈ ಪಟಗಳಲ್ಲಿ ಅರ್ಥ ಮೊದಲೇ ಗೊತ್ತಿರುತ್ತದೆ, ಚಿತ್ರ ಅದನ್ನು ನೆನಪಿಸುತ್ತದೆ ಅಷ್ಟೆ. ಕಲಬುರಗಿಯವರೇ ಆದ ಎಸ್.ಎಂ. ಪಂಡಿತರು (1916–1993) ಮುಂಬಯಿಯಲ್ಲಿ ಸಿನಿಮಾ ಪೋಸ್ಟರ್, ಕ್ಯಾಲೆಂಡರ್ ಬರೆದು ಹೆಸರಾದವರು. ಅವರ ಪುರಾಣದ ಚಿತ್ರಗಳನ್ನು ನೋಡುತ್ತ ಬೆಳೆದ ನಮ್ಮ ಕಣ್ಣಿಗೆ ಪ್ರಾಣಿ ಕಂಡ ತಕ್ಷಣ "ಇದು ಯಾವುದರ ಸಂಕೇತ" ಎಂದು ಕೇಳುವ ಚಾಳಿ ಸಹಜವಾಗಿಯೇ ಬಂದಿದೆ. ಜನಜೀವನದ ಚಿತ್ರದ ಮುಂದೆ ಆ ಚಾಳಿಯನ್ನು ತುಸು ಹೊತ್ತು ಬದಿಗಿಡಬೇಕು. ಇಲ್ಲಿ ನಾಯಿ ಮೊದಲು ನಾಯಿ. ಸಂಕೇತವಾಗುವುದಿದ್ದರೆ ಆಮೇಲೆ ಆಗಲಿ.

ಇನ್ನೊಂದು ಗಡಿ ಭಾವಚಿತ್ರದ್ದು. ಸ್ಪೇನಿನ ಚಿತ್ರಕಾರ ಗೋಯ 1787–88ರ ಸುಮಾರಿಗೆ ಮ್ಯಾನುಯೆಲ್ ಒಸೋರಿಯೋ ಎಂಬ ಸಿರಿವಂತರ ಹುಡುಗನನ್ನು ಬರೆದ. ಕೆಂಪು ಉಡುಪಿನ ಹುಡುಗನ ಕೈಯಲ್ಲಿ ದಾರ, ದಾರದ ತುದಿಗೆ ಮ್ಯಾಗ್‌ಪೈ ಹಕ್ಕಿ, ಹಕ್ಕಿಯ ಕೊಕ್ಕಿನಲ್ಲಿ ಚಿತ್ರಕಾರನ ಹೆಸರಿನ ಚೀಟಿ. ಹಿಂದೆ ಬೆಕ್ಕುಗಳು ಕಣ್ಣರಳಿಸಿ ಹಕ್ಕಿಯನ್ನೇ ನೋಡುತ್ತಿವೆ. ಹುಡುಗ ಯಾರೆಂದು ಗೊತ್ತು, ಹಣ ಕೊಟ್ಟು ಬರೆಸಿದ್ದು ಮನೆತನ. ಹಾಗಾಗಿ ಇದು ಭಾವಚಿತ್ರ. ಆದರೂ ದಾರ ಹುಡುಗನ ಕೈಯಲ್ಲಿ, ಹಕ್ಕಿ ಬೆಕ್ಕಿನ ಕಣ್ಣಲ್ಲಿ. ವರ್ಗ ಬೇರೆಯಾದರೂ ಹಗ್ಗದ ಪ್ರಶ್ನೆ ಅಲ್ಲಿಯೂ ನಡೆಯುತ್ತದೆ.

ನಮ್ಮ ಅಂಗಳದ ಮಕ್ಕಳಿಗೆ ಹೆಸರಿಲ್ಲ, ದೇವರ ಗುರುತಿಲ್ಲ, ನಿತ್ಯದ ಒಂದು ಗಳಿಗೆ ಮಾತ್ರ. ಇದು ಜನಜೀವನದ ಚಿತ್ರ. ಮುಂದೆ ಹೋಗಬಹುದು.

ನಂತರ: ವಿಶೇಷಣ ಇಲ್ಲದೆ ಬರೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. ಕಂಡದ್ದನ್ನು ಕ್ರಿಯಾಪದಗಳಲ್ಲಿ ಮಾತ್ರ ಬರೆಯಿರಿ. ಹುಡುಗ ಎಳೆಯುತ್ತಾನೆ. ಕರು ತಡೆಯುತ್ತದೆ. ಹುಡುಗಿ ಬಚ್ಚಿಡುತ್ತಾಳೆ. ಲೋಟ ಉರುಳಿದೆ. ಸುಂದರ, ಮನಮೋಹಕ, ಮುಗ್ಧ ಯಾವುದೂ ಬೇಡ. ಚಿತ್ರ ಎಷ್ಟೇ ಶಾಂತವಾಗಿ ಕಂಡರೂ ಇಷ್ಟು ಬರೆಯುವಷ್ಟರಲ್ಲಿ ಅದರೊಳಗೆ ಜಗಳವೊಂದು ನಡೆದಿರುವುದು ಗೊತ್ತಾಗುತ್ತದೆ. ಐದು ನಿಮಿಷ ನಿಂತು ಬರೆಯುವುದು ಮುಜುಗರ ಅನ್ನಿಸಿದರೆ ಪ್ರದರ್ಶನಕ್ಕೆ ಜನ ಕಡಿಮೆ ಇರುವ ಮಧ್ಯಾಹ್ನ ಹೋಗಿ. ಮೇ ತಿಂಗಳಲ್ಲಿ ನಮ್ಮ ಊರಿನ ಮಧ್ಯಾಹ್ನದ ಬಿಸಿಲಿಗೆ ಗ್ಯಾಲರಿ ಪೂರ್ತಿ ನಿಮ್ಮದೇ.

ಕೈ ಮತ್ತು ಹಗ್ಗ

ಇಲ್ಲಿ ಹೆಚ್ಚು ಹೊತ್ತು ನಿಲ್ಲಿ. ಉಳಿದೆಲ್ಲ ಹಂತ ಬಿಟ್ಟರೂ ಇದೊಂದನ್ನು ಬಿಡಬೇಡಿ.

ಚಿತ್ರದಲ್ಲಿರುವ ಪ್ರತಿಯೊಂದು ಕೈಯನ್ನೂ ಒಂದೊಂದಾಗಿ ನೋಡಿ: ಅದು ಏನನ್ನು ಹಿಡಿದಿದೆ, ಎಷ್ಟು ಬಿಗಿಯಾಗಿ, ಬಿಟ್ಟರೆ ಏನಾಗುತ್ತದೆ? ಹಿಡಿದ ಪ್ರಾಣಿಯ ದೇಹ ಯಾವ ಕಡೆಗೆ ವಾಲುತ್ತಿದೆ? ಮಗುವಿನ ಕೈ ಒಂದು ಕಡೆ ಎಳೆದು ಪ್ರಾಣಿಯ ಮೈ ಇನ್ನೊಂದು ಕಡೆ ವಾಲಿದರೆ ಕತೆ ಅಲ್ಲಿದೆ.

ಇದನ್ನು ಕಲಿಯಲು ಜೂಡಿತ್ ಲೇಸ್ಟರ್ ಬರೆದ ಒಂದು ಸಣ್ಣ ಚಿತ್ರದಷ್ಟು ಒಳ್ಳೆಯದು ನನಗೆ ಗೊತ್ತಿಲ್ಲ. ಲೇಸ್ಟರ್ (1609–1660) ಹಾಲೆಂಡಿನ ಹಾರ್ಲೆಮ್ ಊರಿನವಳು. ಸತ್ತ ಮೇಲೆ ಅವಳ ಚಿತ್ರಗಳು ಎರಡು ಶತಮಾನಕ್ಕೂ ಹೆಚ್ಚು ಕಾಲ ಫ್ರಾನ್ಸ್ ಹಾಲ್ಸ್ ಮುಂತಾದ ಬೇರೆ ಚಿತ್ರಕಾರರ ಹೆಸರಿನಲ್ಲಿ ಓಡಾಡಿದವು. 1893ರಲ್ಲಿ ಒಂದು ಚಿತ್ರದ ಮೇಲಿದ್ದ ಅವಳ ಸಹಿಯನ್ನು ಗುರುತಿಸಿದ ಮೇಲೆ ಒಂದೊಂದಾಗಿ ಅವಳ ಖಾತೆಗೆ ಮರಳಿದವು. ಸುಮಾರು 1635ರಲ್ಲಿ ಅವಳು ಬರೆದ, ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಚಿತ್ರದಲ್ಲಿ ಒಬ್ಬ ಹುಡುಗ, ಒಬ್ಬಳು ಹುಡುಗಿ, ಒಂದು ಬೆಕ್ಕಿನ ಮರಿ, ಒಂದು ಹಾವುಮೀನು ಇವೆ. ಹುಡುಗ ಹಲ್ಲು ಕಾಣುವಂತೆ ನಗುತ್ತಿದ್ದಾನೆ. ಒಂದು ಕೈಯಲ್ಲಿ ಬೆಕ್ಕನ್ನು ಅವುಚಿಕೊಂಡಿದ್ದಾನೆ, ಇನ್ನೊಂದರಲ್ಲಿ ಹಾವುಮೀನನ್ನು ಎತ್ತಿ ಹಿಡಿದಿದ್ದಾನೆ. ಬೆಕ್ಕು ಬಂದದ್ದು ಮೀನಿನ ಆಸೆಗೆ, ಈಗ ಮೀನೂ ಇಲ್ಲ ಬಿಡುಗಡೆಯೂ ಇಲ್ಲ. ಹುಡುಗಿ ಬೆಕ್ಕಿನ ಬಾಲ ಹಿಡಿದಿದ್ದಾಳೆ, ಇನ್ನೊಂದು ಕೈಯ ಬೆರಳನ್ನು ಎತ್ತಿ ನಮ್ಮ ಕಡೆಗೆ ಬುದ್ಧಿ ಹೇಳುವಂತೆ ತೋರಿಸುತ್ತಿದ್ದಾಳೆ.

ನಾಲ್ಕು ಕೈಗಳಿಗೆ ನಾಲ್ಕು ಕೆಲಸ. ನಗುವನ್ನು ಮಾತ್ರ ನೋಡಿದವನಿಗೆ ಇದು ಖುಷಿಯ ಚಿತ್ರ. ಕೈಗಳನ್ನು ನೋಡಿದವನಿಗೆ ಬೆಕ್ಕಿನ ಉಗುರು ಇನ್ನೇನು ಇಳಿಯಲಿರುವ ಗಳಿಗೆ. ಆ ಕಾಲದ ಡಚ್ ಜನರಿಗೆ ಹಾವುಮೀನಿನ ಬಾಲ ಹಿಡಿಯುವುದರ ಬಗ್ಗೆ ಒಂದು ಗಾದೆಯಿತ್ತು, ಹಿಡಿದರೂ ಜಾರಿ ಹೋಗುವುದಕ್ಕೆ ಹಾಗೆ ಹೇಳುತ್ತಿದ್ದರು. ಬೆಕ್ಕಿನೊಂದಿಗೆ ಆಡಿದವನಿಗೆ ಪರಚು ತಪ್ಪದು ಎಂಬ ಮಾತೂ ಇತ್ತು. ಅವರು ಚಿತ್ರ ನೋಡಿ ನಕ್ಕಿದ್ದು ಈ ಗಾದೆಗಳು ನೆನಪಾಗಿ. ಆದರೆ ಗಾದೆ ಗೊತ್ತಿಲ್ಲದ ಚಿತ್ತಾಪುರದ ಹುಡುಗನಿಗೂ ಚಿತ್ರದ ಅರ್ಧ ಅರ್ಥವಾಗುತ್ತದೆ, ಯಾಕೆಂದರೆ ಅವನೂ ಬೆಕ್ಕು ಹಿಡಿದಿದ್ದಾನೆ.

ಈಗ ನಮ್ಮ ಅಂಗಳಕ್ಕೆ ಬನ್ನಿ. ಹಗ್ಗ ಹುಡುಗನ ಕೈಯಲ್ಲಿದೆ, ಆದರೆ ಬಿಗಿಯಾಗಿದೆ. ಬಿಗಿಯಾದ ಹಗ್ಗ ಅಂದರೆ ಎರಡೂ ತುದಿಯಲ್ಲಿ ಮನಸ್ಸಿದೆ. ಸಡಿಲ ಹಗ್ಗದ ಚಿತ್ರ ಬೇರೆಯದೇ ಮಾತು ಹೇಳುತ್ತದೆ. ಆಗ ಕರು ಹಿಂದೆ ಬರುತ್ತಿದೆ, ಅಥವಾ ಮಗುವೇ ಕರುವಿನ ಹಿಂದೆ ಹೋಗುತ್ತಿದೆ. ಹಗ್ಗವೇ ಇಲ್ಲದೆ ಮಗುವಿನ ಕೈ ಕರುವಿನ ಗಂಗೆದೊಗಲಿನ (ಕೊರಳ ಕೆಳಗೆ ಜೋಲುವ ತೊಗಲಿನ) ಮೇಲಿದ್ದರೆ ಅದು ಮೂರನೆಯ ಬಗೆ. ಈ ಮೂರನ್ನು ಬೇರ್ಪಡಿಸಿದರೇ ಅರ್ಧ ಕೆಲಸ ಮುಗಿದ ಹಾಗೆ.

ಆಮೇಲೆ ಹುಡುಗಿಯ ಕೈ. ಅವಳ ಹತ್ತಿರ ಮೇವಿದೆ. ತೋರಿಸಿದರೆ ಕರು ತಾನಾಗಿ ಬರುತ್ತದೆ, ಜಗ್ಗಾಟ ಮುಗಿಯುತ್ತದೆ. ತೋರಿಸಿಲ್ಲ. ತಮ್ಮನ ಪಾಡು ನೋಡುತ್ತಿದ್ದಾಳೆಯೇ? ಇರಬಹುದು. ಆದರೆ ಕುಕ್ಕೆ ಕಟ್ಟಿದ ಬಾಯಿಗೆ ಮೇವು ಹಿಡಿದೂ ಉಪಯೋಗವಿಲ್ಲ. ಕುಕ್ಕೆ ಬಿಚ್ಚಬೇಕು, ಬಿಚ್ಚಿದರೆ ಬಾಗಿಲಲ್ಲಿ ನಿಂತವರು ಬೈಯುತ್ತಾರೆ. ಹಾಗಾದರೆ ಅವಳು ಬಚ್ಚಿಟ್ಟಿರುವುದು ತಮ್ಮನಿಂದ ಅಲ್ಲ, ಸೀರೆಯ ಅಂಚಿನಿಂದ. ಎರಡು ಓದುಗಳಲ್ಲಿ ಯಾವುದು ಸರಿ ಎಂದು ಈಗಲೇ ತೀರ್ಮಾನ ಬೇಡ. ಎರಡನ್ನೂ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಕಣ್ಣುಗಳು ಎಲ್ಲಿಗೆ ಹೋಗುತ್ತಿವೆ

ಪ್ರತಿ ಕಣ್ಣಿನಿಂದ ಒಂದು ಗೆರೆ ಎಳೆಯಿರಿ, ಮನಸ್ಸಿನಲ್ಲೇ ಆಗಲಿ, ಪ್ರಿಂಟ್ ಇದ್ದರೆ ಪೆನ್ಸಿಲ್‌ನಿಂದ. ಗೆರೆಗಳು ಒಂದೇ ಕಡೆ ಸೇರಿದರೆ ಚಿತ್ರದ ಕೇಂದ್ರ ಅದು. ಗೆರೆ ಚೌಕಟ್ಟಿನ ಹೊರಗೆ ಹೋದರೆ ಅಲ್ಲಿ ಕಾಣದ ಪಾತ್ರವೊಂದಿದೆ. ರಾಜಾ ರವಿವರ್ಮನ 1893ರ 'ಅಗೋ ಅಪ್ಪ ಬಂದರು' ಎಂಬ ಅರ್ಥದ ಶೀರ್ಷಿಕೆಯ ಚಿತ್ರದಲ್ಲಿ ತಾಯಿ, ಕಂಕುಳಲ್ಲಿ ಮಗು, ಕಾಲ ಬಳಿ ನಾಯಿ. ಅಪ್ಪ ಮಾತ್ರ ಚಿತ್ರದಲ್ಲೇ ಇಲ್ಲ, ಆದರೂ ಇಡೀ ಚಿತ್ರ ನಿಂತಿರುವುದು ಅವನ ಮೇಲೆ.

ಅಂಗಳದ ಕರು ಎಡಕ್ಕೆ ಹೊರಗೆ ನೋಡುತ್ತಿದೆ ಅಂದೆವಲ್ಲ. ಕುಕ್ಕೆ ಕಟ್ಟಿದ ಕರು ಜಗ್ಗಿ ನೋಡುವುದು ಯಾರನ್ನು? ಅಲ್ಲಿ ಅದರ ತಾಯಿ ಇದೆ. ಕುಕ್ಕೆ ಕಟ್ಟುವುದು ಹಾಲು ಕುಡಿಯದಿರಲಿ ಎಂದು. ಈಗ ಉರುಳಿದ ಲೋಟಕ್ಕೆ ಹಿಂತಿರುಗಿ. ಹುಡುಗನ ಮೇಲ್ತುಟಿಯ ಹತ್ತಿರ ಹೋಗಿ ನೋಡಿ, ಬಿಳಿ ಬಣ್ಣದ ಒಂದು ಸಣ್ಣ ಗೀಟು ಇರಬಹುದು. ಇದ್ದರೆ ಚಿತ್ರದ ಬೆನ್ನುಮೂಳೆ ಸಿಕ್ಕಿತು: ಒಂದೇ ಹಾಲಿಗೆ ಇಬ್ಬರು ಮಕ್ಕಳು, ಕುಡಿದವನ ಕೈಯಲ್ಲಿ ಕುಡಿಯದವನ ಹಗ್ಗ. ಇಲ್ಲಿಗೆ "ಗ್ರಾಮೀಣ ಮುಗ್ಧತೆ" ಎದ್ದು ಹೋಯಿತು. ಹಾಗೆಂದು ಹುಡುಗ ಕೆಟ್ಟವನೇನಲ್ಲ, ಅವನಿಗೆ ಗೊತ್ತೂ ಇಲ್ಲ. ಗೊತ್ತಿರುವುದು ಬಹುಶಃ ಹುಡುಗಿಗೆ, ಖಂಡಿತವಾಗಿ ಬಾಗಿಲಲ್ಲಿರುವವಳಿಗೆ.

ದೊಡ್ಡವರನ್ನು ಎಲ್ಲಿ ನಿಲ್ಲಿಸಿದ್ದಾರೆ ಎನ್ನುವುದನ್ನೂ ಇದೇ ಹೊತ್ತಿಗೆ ನೋಡಿ. ಯಾನ್ ಸ್ಟೇನ್ (1626–1679) ಎಂಬ ಇನ್ನೊಬ್ಬ ಡಚ್ಚನ ಚಿತ್ರ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂನಲ್ಲಿದೆ. ಮಕ್ಕಳು ಸೇರಿ ಮೇಜಿನ ಮೇಲೆ ಬೆಕ್ಕನ್ನು ಹಿಂಗಾಲಲ್ಲಿ ನಿಲ್ಲಿಸಿ ಕುಣಿತ ಕಲಿಸುತ್ತಿದ್ದಾರೆ. ಒಬ್ಬಳು ಶಹನಾಯಿಯಂಥ ವಾದ್ಯ ಊದುತ್ತಿದ್ದಾಳೆ, ನಾಯಿ ಬೊಗಳುತ್ತಿದೆ, ಮೇಲೆ ಕಿಟಕಿಯಿಂದ ಒಬ್ಬ ಮುದುಕ ಗದರುತ್ತಿದ್ದಾನೆ. ಅವನನ್ನು ಕೇಳುವವರಿಲ್ಲ. ಸ್ಟೇನ್ ಚಿತ್ರದಲ್ಲಿ ದೊಡ್ಡವರ ಅಧಿಕಾರ ಕಿಟಕಿಯಷ್ಟು ಸಣ್ಣದು. ನಮ್ಮ ಚಿತ್ರದಲ್ಲಿ ಅದಕ್ಕೆ ಮುಖವೇ ಇಲ್ಲ, ಸೀರೆಯ ಅಂಚಿದೆ. ಮುಖ ಇಲ್ಲದ ಅಧಿಕಾರಕ್ಕೆ ಹುಡುಗಿ ಹೆಚ್ಚು ಹೆದರುತ್ತಾಳೆ ಎಂದು ನಾನು ಓದುತ್ತೇನೆ.

ಪ್ರಾಣಿಯನ್ನು ಗೊತ್ತಿರುವವರ ಹತ್ತಿರ ಕೇಳಿ

ಈ ಹಂತದಲ್ಲಿ ಕಲಾವಿಮರ್ಶಕನಿಗಿಂತ ದನ ಕಟ್ಟಿದವನು ಮೇಲು. ಬೆಂಗಳೂರಿನ ಗ್ಯಾಲರಿಯಲ್ಲಿ ಚಿತ್ರ ನೋಡುವವರಿಗೆ ಸಿಗದ ಅನುಕೂಲ ಬೀದರ, ಕಲಬುರಗಿ, ಯಾದಗಿರಿಯ ಓದುಗರಿಗಿದೆ.

ಜೋತುಬಿದ್ದ ಕಿವಿ, ಉಬ್ಬಿದ ಹಣೆ, ಬಿಳಿ ಮೈಮೇಲೆ ಅಡ್ಡಾದಿಡ್ಡಿ ಕಪ್ಪು ಮಚ್ಚೆ ಇದ್ದರೆ ಅದು ದೇವಣಿ. ಲಾತೂರ ಜಿಲ್ಲೆಯ ದೇವಣಿ ಊರಿನಿಂದ ಹೆಸರು ಬಂದ, ಬೀದರ ಗಡಿಯ ಆಚೆ ಈಚೆ ಬೆಳೆದ ತಳಿ. ಅದರಲ್ಲೂ ಮುಖ ಕಪ್ಪಾಗಿ ಮೈ ಬಿಳಿಯಾದದ್ದು, ಮೈಯೆಲ್ಲ ಮಚ್ಚೆಯದು ಎಂದು ಒಳಭೇದಗಳಿವೆ. ಹಾಲಿಗೂ ಆಗುತ್ತದೆ, ಹೊಲದ ಕೆಲಸಕ್ಕೂ ಆಗುತ್ತದೆ. ಬೂದು ಬಿಳಿ ಮೈ, ಹಿಂದಕ್ಕೆ ಬಾಗಿ ಮೇಲಕ್ಕೆದ್ದ ಉದ್ದ ಕೊಂಬು ಇದ್ದರೆ ಕಿಲಾರಿ, ವಿಜಯಪುರ ಸೊಲ್ಲಾಪುರದ ಕಡೆಯ ದುಡಿಮೆಯ ಎತ್ತು. ಭುಜ ದಾಟುವ ಕತ್ತಿಯಂಥ ಕೊಂಬಿನ ಎಮ್ಮೆ ಪಂಢರಪುರಿ. ಪೂರ್ತಿ ಕಪ್ಪು ಆಡು ಉಸ್ಮಾನಾಬಾದಿ ಇರಬಹುದು. ಕಪ್ಪು ಒರಟು ಉಣ್ಣೆಯ ಕುರಿ ದಖನಿ, ಕಂಬಳಿಯ ಕುರಿ.

ಇದರಿಂದ ಏನು ಲಾಭ? ಲೋಟ ಮತ್ತು ಕುಕ್ಕೆಯ ಓದು ನಿಲ್ಲಬೇಕಾದರೆ ತಾಯಿ ಆಕಳು ಹಾಲಿನದಾಗಿರಬೇಕು. ಅಲ್ಲಿರುವ ಕರು ದೇವಣಿ, ಓದು ನಿಂತಿತು. ಅದೇ ಜಾಗದಲ್ಲಿ ಚಿತ್ರಕಾರ ಕಿಲಾರಿ ಹೋರಿಗರು ಬರೆದಿದ್ದರೆ ಮನೆಯವರ ಲೆಕ್ಕ ಹಾಲಿಗಿಂತ ಮುಂದಿನ ಎತ್ತಿನ ಕಡೆ ಹೆಚ್ಚು ಇರುತ್ತಿತ್ತು, ಕುಕ್ಕೆಗೆ ಬೇರೆ ಕಾರಣ ಹುಡುಕಬೇಕಾಗುತ್ತಿತ್ತು. ಇನ್ನು ಯಾವ ತಳಿಗೂ ಸೇರದ, ಪಾಶ್ಚಾತ್ಯ ಪುಸ್ತಕದಿಂದ ಇಳಿದಂತಿರುವ ಕೆಂಪು ಕರುವನ್ನು ಶಹಾಬಾದ್ ಫರಸಿಯ ಮೇಲೆ ನಿಲ್ಲಿಸಿದ್ದರೆ ಚಿತ್ರಕಾರ ಅಂಗಳಕ್ಕೆ ಹೋಗಿಲ್ಲ ಎಂದು ಧೈರ್ಯವಾಗಿ ಬರೆಯಬಹುದು. ಇತ್ತೀಚೆಗೆ ಮೊಬೈಲ್ ಫೋಟೊದಿಂದ ನೇರ ಇಳಿಸಿದ ಚಿತ್ರಗಳೂ ಸಾಕಷ್ಟಿವೆ. ಹತ್ತಿರದ ಮೂತಿ ವಿಪರೀತ ದೊಡ್ಡದು, ಹಿಂಗಾಲು ವಿಪರೀತ ಸಣ್ಣದು ಆಗಿದ್ದರೆ ಅದು ಲೆನ್ಸಿನ ಕೆಲಸ. ತಪ್ಪೇನಲ್ಲ, ಆದರೆ ಆ ಹಿಗ್ಗುವಿಕೆಗೆ ದೊಡ್ಡ ಅರ್ಥ ಹಚ್ಚಬೇಡಿ.

ಪ್ರಾಣಿಯ ಮೈಮೇಲೆ ಇರುವುದನ್ನೂ ಓದಿ. ಕೊಂಬಿಗೆ ಬಣ್ಣ, ಕೊರಳಿಗೆ ಹೊಸ ಗೆಜ್ಜೆ ಇದ್ದರೆ ಕಾರಹುಣ್ಣಿಮೆಯ ಆಸುಪಾಸು, ಅಂದರೆ ಜ್ಯೇಷ್ಠ ಮಾಸ, ಮುಂಗಾರಿನ ಹೊಸ್ತಿಲು. ಅಂದು ಎತ್ತಿಗೆ ದುಡಿತ ಇಲ್ಲ, ಎತ್ತೇ ದೊಡ್ಡದು, ಹುಡುಗರು ಅದರ ಹಿಂದೆ ಓಡುವವರು. ವರ್ಷವೆಲ್ಲ ಇದ್ದ ಅಧಿಕಾರ ಒಂದು ದಿನ ತಲೆಕೆಳಗಾಗುತ್ತದೆ, ಹಗ್ಗದ ಓದೂ ತಲೆಕೆಳಗಾಗಬೇಕು.

ಯಾದಗಿರಿ ಕಡೆಯ ಚಿತ್ರದಲ್ಲಿ ಮಗುವಿನ ತೋಳಿನಲ್ಲಿ ಕುರಿಮರಿ ಇದ್ದರೆ ಇನ್ನೊಂದು ಸಂಗತಿ ನೆನಪಿರಲಿ. ಮೈಲಾಪುರದ ಮೈಲಾರಲಿಂಗೇಶ್ವರ ಜಾತ್ರೆಯಲ್ಲಿ, ಸಂಕ್ರಾಂತಿಯ ಹೊತ್ತಿಗೆ, ಹರಕೆ ಹೊತ್ತವರು ಪಲ್ಲಕ್ಕಿಯ ಮೇಲೆ ಕುರಿಮರಿ ಎಸೆಯುವ ರೂಢಿ ಇತ್ತು. ಆಡಳಿತ ಅದನ್ನು ನಿಷೇಧಿಸಿದೆ. ಹಿನ್ನೆಲೆಯಲ್ಲಿ ಬೆಟ್ಟ, ಭಂಡಾರದ ಹಳದಿ, ಜನಜಂಗುಳಿ ಕಂಡರೆ ಮರಿಯನ್ನು ಅವುಚಿಕೊಂಡ ಮಗುವಿನ ಕೈ ಮುದ್ದಿನದಲ್ಲ, ಬಿಡಲೊಲ್ಲದ ಕೈ. ಇವು ಯಾವುವೂ ಇಲ್ಲದೆ ಬರಿಯ ಮಗು ಮತ್ತು ಮರಿ ಮಾತ್ರ ಇದ್ದರೆ ಜಾತ್ರೆಯನ್ನು ಎಳೆದು ತರಬೇಡಿ. ನಿಮಗೆ ಗೊತ್ತಿರುವುದೆಲ್ಲ ಚಿತ್ರಕ್ಕೆ ಗೊತ್ತಿರಬೇಕೆಂದಿಲ್ಲ.

ಹೊತ್ತು, ಹಂಗಾಮು, ಬಟ್ಟೆ

ಇದನ್ನು ಬೇಗ ಮುಗಿಸಬಹುದು. ನೆರಳು ಗಿಡ್ಡವೇ ಉದ್ದವೇ ನೋಡಿ ಹೊತ್ತು ಹೇಳಿ. ಹಿಂದೆ ತೊಗರಿ ಹಳದಿ ಹೂ ಬಿಟ್ಟಿದ್ದರೆ ಮಳೆಗಾಲ ಮುಗಿದ ಮೇಲಿನ ದಿನ, ಕಣದಲ್ಲಿ ಬಿಳಿಜೋಳದ ತೆನೆ ಇದ್ದರೆ ಬೇಸಿಗೆ ಕಾಲಿಡುವ ಹೊತ್ತು. ನೆಲ ಕೆಂಪು ಜಂಬಿಟ್ಟಿಗೆಯಾದರೆ ಬೀದರ, ಕಪ್ಪು ಎರೆಮಣ್ಣಾದರೆ ಕಲಬುರಗಿ ಎನ್ನುವುದು ಸ್ಥೂಲವಾಗಿ ಸರಿ.

ಬಟ್ಟೆಯಲ್ಲಿ ಒಂದನ್ನು ಮಾತ್ರ ಬಿಡಬಾರದು: ಶಾಲೆಯ ಸಮವಸ್ತ್ರ. 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಗಿಡ್ಡ ನೆರಳಿನ ನಡುಮಧ್ಯಾಹ್ನ ಸಮವಸ್ತ್ರದ ಹುಡುಗಿ ಆಡು ಕಾಯುತ್ತಿದ್ದರೆ ಚಿತ್ರಕಾರ ಏನೋ ಹೇಳುತ್ತಿದ್ದಾನೆ. ಭಾನುವಾರ ಇರಬಹುದಲ್ಲ ಎಂದು ಕೇಳಿದರೆ, ಇರಬಹುದು. ಆದರೆ ಭಾನುವಾರ ಸಮವಸ್ತ್ರ ಯಾಕೆ ಎಂಬ ಪ್ರಶ್ನೆ ಉಳಿಯುತ್ತದೆ. ಇರುವ ಒಳ್ಳೆಯ ಅಂಗಿ ಅದೊಂದೇ ಆಗಿರಬಹುದು, ಅದೂ ಒಂದು ಉತ್ತರವೇ.

ಚಿತ್ರಕಾರ ಎಲ್ಲಿ ಕೂತಿದ್ದ

ದಿಗಂತದ ಗೆರೆ ಅಥವಾ ಫರಸಿಕಲ್ಲುಗಳ ಸಂದುಗಳು ಎಲ್ಲಿ ಸೇರುತ್ತವೆ ನೋಡಿ, ನೋಡುವವನ ಕಣ್ಣಿನ ಎತ್ತರ ಸಿಗುತ್ತದೆ. ಮಕ್ಕಳ ತಲೆಯ ಮೇಲಿನಿಂದ ನೋಡಿದ ಚಿತ್ರದಲ್ಲಿ ನಾವು ದೊಡ್ಡವರಾಗಿ ನಿಂತಿದ್ದೇವೆ, ಮಕ್ಕಳು ಸಣ್ಣವಾಗಿ ಮುದ್ದಾಗಿ ಕಾಣುತ್ತಾರೆ. ಕರುವಿನ ಕಣ್ಣಿನ ಮಟ್ಟದಿಂದ ನೋಡಿದ ಚಿತ್ರದಲ್ಲಿ ಹುಡುಗ ದೊಡ್ಡವನು, ಹಗ್ಗ ದಪ್ಪ. ವಿಷಯ ಒಂದೇ ಆದರೂ ಪಕ್ಷ ಬದಲಾಯಿತು. ಪ್ರದರ್ಶನದಲ್ಲಿ ತುಸು ಬಗ್ಗಿ, ಮಗುವಿನ ಎತ್ತರದಿಂದ ಚಿತ್ರವನ್ನು ಒಮ್ಮೆ ನೋಡುವುದು ಒಳ್ಳೆಯದು. ಜನ ನಕ್ಕರೆ ನಗಲಿ.

ಚಿತ್ರಕಾರ ಎಲ್ಲಿ ಶ್ರಮ ಹಾಕಿದ್ದಾನೆ ಎನ್ನುವುದೂ ಸಾಕ್ಷಿಯೇ. ಕರುವಿನ ಕಣ್ಣಿಗೆ ಮೂರು ಪದರ ಬಣ್ಣ, ಹುಡುಗನ ಮುಖಕ್ಕೆ ಒಂದೇ ಬೀಸು ಆಗಿದ್ದರೆ ಯಾರ ಚಿತ್ರ ಅದು ಎಂದು ಕೇಳಬೇಕಾಗಿಲ್ಲ. 1667ರಲ್ಲಿ ಫ್ರಾನ್ಸಿನ ಚಿತ್ರಕಲೆಯ ರಾಯಲ್ ಅಕಾಡೆಮಿಯ ಆಂದ್ರೆ ಫೆಲಿಬಿಯಾಂ ಚಿತ್ರಗಳಿಗೆ ಮೇಲುಕೀಳು ಗೊತ್ತುಮಾಡಿದಾಗ ಹಣ್ಣು ಹೂ ಬರೆಯುವವರನ್ನು ಕೆಳಗಿಟ್ಟ, ಜೀವಂತ ಪ್ರಾಣಿ ಬರೆಯುವವರನ್ನು ಜೀವವಿಲ್ಲದ್ದನ್ನು ಬರೆಯುವವರಿಗಿಂತ ಮೇಲಿಟ್ಟ, ಇತಿಹಾಸ ಪುರಾಣ ಬರೆಯುವವರನ್ನು ಎಲ್ಲರ ಮೇಲೆ ಕೂರಿಸಿದ. ಆ ಏಣಿ ಇಂದಿಗೂ ಕೆಲವರ ತಲೆಯಲ್ಲಿದೆ. ಮಕ್ಕಳು ಕರುವಿನ ಚಿತ್ರ ಅಂದರೆ ಹಗುರ, ಡ್ರಾಯಿಂಗ್ ರೂಮಿಗೆ ಆದೀತು ಎನ್ನುವ ಮಾತು ಅಲ್ಲಿಂದ ಬಂದದ್ದು.

ಶೀರ್ಷಿಕೆ ಕೊನೆಗೆ

ಪಕ್ಕದ ಚೀಟಿಯನ್ನು ಇಷ್ಟು ಹೊತ್ತು ಓದದೆ ಇದ್ದಿರಿ ಎಂದುಕೊಳ್ಳುತ್ತೇನೆ. ಈಗ ಓದಿ. 'ಗೆಳೆಯರು' ಎಂದಿದ್ದರೆ ಬಿಗಿದ ಹಗ್ಗದೊಂದಿಗೆ ಅದು ಹೇಗೆ ಹೊಂದುತ್ತದೆ? ವ್ಯಂಗ್ಯವೋ, ಗಮನಿಸದೆ ಇಟ್ಟದ್ದೋ? 'ಹಾಲು' ಎಂದಿದ್ದರೆ ನಿಮ್ಮ ಓದಿಗೆ ಚಿತ್ರಕಾರನ ಸಹಿ ಬಿದ್ದ ಹಾಗೆ. ಶೀರ್ಷಿಕೆ ನಿಮ್ಮ ಓದಿಗೆ ವಿರುದ್ಧವಾಗಿದ್ದರೆ ಹೆದರಿ ಹಾಳೆ ಹರಿಯಬೇಡಿ. ಚಿತ್ರದಲ್ಲಿ ಬಣ್ಣದಿಂದ ಇಟ್ಟ ಸಾಕ್ಷಿಗೆ ಚೀಟಿಯ ಮೇಲಿನ ಎರಡು ಪದಕ್ಕಿಂತ ತೂಕ ಹೆಚ್ಚು. ಹಳೆಯ ಡಚ್ ಚಿತ್ರಗಳ ಹೆಸರುಗಳಲ್ಲಿ ಬಹಳಷ್ಟು ಮ್ಯೂಸಿಯಂಗಳು, ಮಾರಾಟಗಾರರು ಆಮೇಲೆ ಇಟ್ಟವು.

ಇಲ್ಲಿಯೇ ಒಂದು ಪರೀಕ್ಷೆ ಮಾಡಿ. ಅಂಗೈಯಿಂದ ಪ್ರಾಣಿಯನ್ನು ಮುಚ್ಚಿ ಚಿತ್ರ ನೋಡಿ. ಏನೂ ಕಳೆದುಹೋಗದಿದ್ದರೆ ಪ್ರಾಣಿ ಅಲಂಕಾರಕ್ಕೆ ಬಂದದ್ದು, ನಿಮ್ಮ ಬರಹ ಗಿಡ್ಡ ಆಗಲಿ. ಈಗ ಮಗುವನ್ನು ಮುಚ್ಚಿ. ಕರು ಒಂದೇ ನಿಂತಾಗ ಚಿತ್ರಕ್ಕೆ ಇನ್ನೂ ಉಸಿರಿದ್ದರೆ ಚಿತ್ರಕಾರ ಕರುವಿನ ಪರ.

ಬರೆಯುವಾಗ ಮೂರು ಮಾತು ಸಾಕು: ಏನು ಕಾಣುತ್ತದೆ, ಏನು ನಡೆಯುತ್ತಿದೆ, ಅದರಿಂದ ನಾನು ಏನು ಹೇಳುತ್ತೇನೆ. ಮೂರನೆಯ ಮಾತಿನ ಪ್ರತಿ ಅಕ್ಷರಕ್ಕೂ ಮೊದಲನೆಯದರಲ್ಲಿ ಆಧಾರ ಇರಬೇಕು. ಉದಾಹರಣೆಗೆ: "ಬಾಯಿಗೆ ಕುಕ್ಕೆ ಕಟ್ಟಿದ ಕರುವನ್ನು ಹುಡುಗ ಎಳೆಯುತ್ತಿದ್ದಾನೆ, ಕರು ಚೌಕಟ್ಟಿನಾಚೆಯ ತಾಯಿಯ ಕಡೆ ವಾಲಿದೆ, ಉರುಳಿದ ಹಾಲಿನ ಲೋಟ ನಡುವೆ ಇರುವುದರಿಂದ ಇದು ಒಂದೇ ಹಾಲಿನ ಇಬ್ಬರು ಪಾಲುದಾರರ ಚಿತ್ರ, ಮತ್ತು ಅದನ್ನು ತಿಳಿದವಳು ಗೋಡೆಗೆ ಒರಗಿದ ಹುಡುಗಿ." ಬೇರೊಬ್ಬರು ಬಂದು "ಹುಡುಗಿ ತಮ್ಮನನ್ನು ಕಾಡಿಸಾಕತ್ಯಾಳ, ಅಷ್ಟ" ಅಂದರೆ ಜಗಳ ಬೇಡ, ಮೇವಿನ ತುದಿ ತೋರಿಸಿ, ಕುಕ್ಕೆ ತೋರಿಸಿ, ಅವರು ಏನು ತೋರಿಸುತ್ತಾರೆ ಕೇಳಿ. ಚಿತ್ರಕಾರ ಅಲ್ಲೇ ಇದ್ದರೆ "ಇದರ ಅರ್ಥ ಏನ್ರಿ" ಎಂದು ಕೇಳಬೇಡಿ, ಎಲ್ಲರೂ ಅದನ್ನೇ ಕೇಳಿರುತ್ತಾರೆ. "ಲೋಟ ಮೊದಲಿಂದ ಇತ್ತೋ, ಆಮೇಲೆ ಹಾಕಿದ್ರೋ" ಎಂದು ಕೇಳಿ. ಇಂಥ ಪ್ರಶ್ನೆಗೆ ಚಿತ್ರಕಾರರು ಕುರ್ಚಿ ಎಳೆದು ಕೂತು ಮಾತಾಡುತ್ತಾರೆ.

ಅಭ್ಯಾಸಕ್ಕೆ ಲೇಸ್ಟರ್, ಸ್ಟೇನ್ ಇಬ್ಬರ ಚಿತ್ರವೂ ಆಯಾ ಮ್ಯೂಸಿಯಂನ ಜಾಲತಾಣದಲ್ಲಿ ದೊಡ್ಡದು ಮಾಡಿ ನೋಡಲು ಸಿಗುತ್ತವೆ. ಮೊಬೈಲಿಗಿಂತ ಕಂಪ್ಯೂಟರ್ ಪರದೆ ಲೇಸು, ಬೆಕ್ಕಿನ ಉಗುರಿನ ತನಕ ಹೋಗಬಹುದು. ಅದಾದ ಮೇಲೆ ತುಸು ಕಷ್ಟದ ಚಿತ್ರ ಹುಡುಕಿ: ಮಣ್ಣೆತ್ತಿನ ಅಮಾವಾಸ್ಯೆಯ ದಿನ ಮಕ್ಕಳು ಎರೆಮಣ್ಣಿನಲ್ಲಿ ಎತ್ತು ಮಾಡುತ್ತಿರುವ ಚಿತ್ರ ನಮ್ಮ ಕಡೆ ಬರೆಯುವವರು ಇದ್ದಾರೆ. ಅಲ್ಲಿ ಪ್ರಾಣಿಗೆ ಹಗ್ಗವಿಲ್ಲ, ನೋಟವಿಲ್ಲ, ತಳಿಯೂ ಇಲ್ಲ. ಮೇಲೆ ಹೇಳಿದ ಹಂತಗಳಲ್ಲಿ ಅರ್ಧ ಕೈಕೊಡುತ್ತವೆ. ಕೈಗಳು ಮಾತ್ರ ಉಳಿಯುತ್ತವೆ. ಯಾರು ಕೊಂಬು ತಿದ್ದುತ್ತಿದ್ದಾರೆ, ಯಾರಿಗೆ ಮಣ್ಣು ಸಿಕ್ಕಿಲ್ಲ, ಯಾವ ಮಗು ತನ್ನದನ್ನು ಬಿಟ್ಟು ಪಕ್ಕದವರ ಎತ್ತು ನೋಡುತ್ತಿದೆ ಎನ್ನುವುದರಿಂದ ಶುರು ಮಾಡಿ.